ಬೊಮ್ಮಾಯಿ ಕೇಸ್: ಸುಪ್ರೀಂ ಕೋರ್ಟ್ ಅಧಿಕಾರ ಎಲ್ಲಿಯವರೆಗೆ?

[ಪರದೆಯಲ್ಲಿ: ವಿಧಾನಸೌಧ, 1989]

ನಮಸ್ಕಾರ. 1989ರ ಏಪ್ರಿಲ್. ಕರ್ನಾಟಕದ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ. 19 ಶಾಸಕರು ಬೆಂಬಲ ವಾಪಸ್ ಪಡೆದ ಪತ್ರಗಳು ರಾಜ್ಯಪಾಲರ ಕೈಗೆ ಬಂದವು. ಅವರಲ್ಲಿ ಏಳು ಮಂದಿ, ಇಲ್ಲ, ನಾವು ಸರ್ಕಾರದ ಜೊತೆಗೇ ಇದ್ದೇವೆ ಎಂದರು. ಸದನದಲ್ಲೇ ಬಹುಮತ ಸಾಬೀತು ಮಾಡುತ್ತೇನೆ ಎಂದು ಬೊಮ್ಮಾಯಿ ಕೇಳಿಕೊಂಡರು. ಅವಕಾಶ ಸಿಗಲಿಲ್ಲ. ಏಪ್ರಿಲ್ 21ಕ್ಕೆ, ರಾಜ್ಯದಲ್ಲಿ ರಾಷ್ಟ್ರಪತಿ ಆಡಳಿತ ಹೇರಲು ಅವಕಾಶ ಕೊಡುವ ಸಂವಿಧಾನದ 356ನೇ ವಿಧಿಯಡಿ ಸರ್ಕಾರ ವಜಾ.

ಬೊಮ್ಮಾಯಿ ಹೈಕೋರ್ಟ್‌ಗೆ ಹೋದರು, ಸೋತರು. ಅಲ್ಲಿಂದ ಸುಪ್ರೀಂ ಕೋರ್ಟ್‌ಗೆ.

ರಾಷ್ಟ್ರಪತಿಯ ಸಹಿ ಬಿದ್ದ ಆದೇಶವನ್ನು ಕೋರ್ಟ್ ಪ್ರಶ್ನಿಸಬಹುದಾ? ಪ್ರಶ್ನೆ ಇದೇ. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಪ್ರಶ್ನಿಸಬಹುದು ಎಂದಿತು. ಕೇಂದ್ರ ಯಾವ ದಾಖಲೆ ನೋಡಿ ಈ ತೀರ್ಮಾನಕ್ಕೆ ಬಂತು ಅಂತ ಕೋರ್ಟ್ ಕೇಳಬಹುದು. ಕಾರಣ ಸರಿಯಿಲ್ಲದಿದ್ದರೆ ವಜಾ ಆದ ಸರ್ಕಾರವನ್ನು ಮತ್ತೆ ಕೂರಿಸಲೂಬಹುದು. ಇನ್ನು ಬಹುಮತದ ಲೆಕ್ಕ ಆಗಬೇಕಾದದ್ದು ಸದನದಲ್ಲಿ, ರಾಜಭವನದಲ್ಲಲ್ಲ. ನನಗೆ ಇಡೀ ತೀರ್ಪಿನಲ್ಲಿ ದೊಡ್ಡದು ಅನಿಸುವುದು ಈ ಮಾತು. ನಾವು ಹಾಕಿದ ವೋಟಿಗೆ ಕಾವಲು ಇದೇ ಅಲ್ವಾ?

ಕರ್ನಾಟಕದ ವಜಾ ತಪ್ಪು ಎಂದೂ ಕೋರ್ಟ್ ಹೇಳಿತು. ಆದರೆ ಅಷ್ಟರಲ್ಲಿ ಚುನಾವಣೆ ಆಗಿ, ವೀರೇಂದ್ರ ಪಾಟೀಲ್, ಬಂಗಾರಪ್ಪ ಬಂದು ಹೋಗಿ, ವೀರಪ್ಪ ಮೊಯ್ಲಿ ಮುಖ್ಯಮಂತ್ರಿಯಾಗಿದ್ದರು. ಕೇಸ್ ಗೆದ್ದ ಬೊಮ್ಮಾಯಿಗೆ ಸರ್ಕಾರ ವಾಪಸ್ ಸಿಗಲಿಲ್ಲ. ಹೆಚ್ಚುಕಡಿಮೆ ಐದು ವರ್ಷದ ಈ ವಿಳಂಬ ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ.

[ಪರದೆಯಲ್ಲಿ: ಸಂವಿಧಾನದ 141ನೇ ವಿಧಿ]

ಹಾಗಾದರೆ ತೀರ್ಪು ಸುಮ್ನೆ ಕಾಗದವಾ? ಅಲ್ಲ. ಸುಪ್ರೀಂ ಕೋರ್ಟ್ ಹೇಳಿದ ಕಾನೂನು ದೇಶದ ಎಲ್ಲ ಕೋರ್ಟ್‌ಗಳಿಗೂ ಅನ್ವಯ. 141ನೇ ವಿಧಿ ಹೇಳುವುದು ಅದನ್ನೇ. ಕೋರ್ಟ್ ಬಳಿ ಪೊಲೀಸ್ ಇಲ್ಲ, ಖಜಾನೆ ಇಲ್ಲ. ಅದರ ಆದೇಶಕ್ಕೆ ಎಲ್ಲ ಅಧಿಕಾರಿಗಳೂ ನೆರವಾಗಬೇಕು ಎನ್ನುವುದು 144ನೇ ವಿಧಿ.

2016ರಲ್ಲಿ ಅರುಣಾಚಲ ಪ್ರದೇಶದಲ್ಲಿ ಹೋಗಿದ್ದ ಸರ್ಕಾರವನ್ನೇ ಕೋರ್ಟ್ ವಾಪಸ್ ತಂದಿತು. 2018ರ ಮೇನಲ್ಲಿ ಮತ್ತೆ ನಮ್ಮದೇ ರಾಜ್ಯದ ಸರದಿ. ಬಹುಮತ ತೋರಿಸಲು ಯಡಿಯೂರಪ್ಪ ಅವರಿಗೆ ರಾಜ್ಯಪಾಲರು 15 ದಿನ ಕೊಟ್ಟಿದ್ದರು. ಮಧ್ಯರಾತ್ರಿ ಕಳೆದ ಮೇಲೆ ಕೋರ್ಟ್ ಕೂತು ವಿಚಾರಣೆ ನಡೆಸಿತು. ಪ್ರಮಾಣವಚನಕ್ಕೆ ತಡೆ ಕೊಡಲಿಲ್ಲ. ಆದರೆ ಮರುದಿನ ಮತ್ತೆ ಕೇಸ್ ಕೇಳಿ, 19ರ ಸಂಜೆ 4ಕ್ಕೆ ಸದನದಲ್ಲೇ ಬಹುಮತ ತೋರಿಸಿ ಎಂದಿತು. ಮತ ಎಣಿಸುವ ಮೊದಲೇ ಯಡಿಯೂರಪ್ಪ ರಾಜೀನಾಮೆ ಕೊಟ್ಟರು.