ಹೆಬ್ಬೆರಳು ಹೊರಗಿಡು ಮಾಣಿ

ಕೇಳುಗರೆ, ನಮಸ್ಕಾರ.

ಜೀಪಿನಲ್ಲಿ ನಾನು ಕಲಿತ ಮೊದಲ ಪಾಠ ಹೆಬ್ಬೆರಳಿನದು. ಬ್ಯಾಟರಿ ಇಳಿದ ದಿನ, ಕೈಯಲ್ಲೇ ತಿರುಗಿಸಿ ಎಂಜಿನ್ ಶುರು ಮಾಡಲು, ಚಿಕ್ಕಪ್ಪ ಮುಂದಿನ ಬಂಪರಿನ ತೂತಿಗೆ ಕಬ್ಬಿಣದ ಹ್ಯಾಂಡಲ್ ತೂರಿಸುತ್ತಿದ್ದರು. "ಹೆಬ್ಬೆರಳು ಸುತ್ತ ಹಾಕ್ಬೇಡ ಮಾಣಿ, ನಾಲ್ಕು ಬೆರಳಿನ ಜೊತೆಗೇ ಇಟ್ಕೊ" ಅನ್ನುತ್ತಿದ್ದರು. ಎಂಜಿನ್ ಹಿಂದಕ್ಕೆ ಒದ್ದರೆ ಹ್ಯಾಂಡಲ್ ರಪ್ಪನೆ ತಿರುಗುತ್ತದೆ. ಹೆಬ್ಬೆರಳು ಅಡ್ಡ ಸಿಕ್ಕರೆ ಮೂಳೆ ಮುರಿಯುತ್ತದೆ. ಕಲ್ಲು ದಾರಿಯಲ್ಲಿ ಸ್ಟೇರಿಂಗ್ ಹಿಡಿದಾಗಲೂ ಅದೇ ಮಾತು. ಮುಂದಿನ ಚಕ್ರ ಕಲ್ಲಿಗೆ ಬಡಿದರೆ ಸ್ಟೇರಿಂಗ್ ತಾನಾಗಿಯೇ ಗರ್ರನೆ ತಿರುಗಿಬಿಡುತ್ತಿತ್ತು.

ನಮ್ಮದು ಹೊಸನಗರ ತಾಲ್ಲೂಕು, ಕೊಡಚಾದ್ರಿಯ ತಪ್ಪಲು. ಮನೆಯಿಂದ ಡಾಂಬರು ರಸ್ತೆಗೆ ಮೂರು ಮೈಲಿ. ನಡುವೆ ಒಂದು ಹಳ್ಳ, ಅದು ದಾಟಿದ ಕೂಡಲೇ ಒಂದು ಕಡಿದಾದ ಏರು. ಮಳೆಗಾಲದಲ್ಲಿ ಆ ಕೆಂಪು ಮಣ್ಣು ಬೆಣ್ಣೆಯ ಹಾಗೆ ಜಾರುತ್ತಿತ್ತು. ಟೈರಿಗೆ ಚೈನು ಕಟ್ಟದೆ ಯಾರೂ ಹೊರಡುತ್ತಿರಲಿಲ್ಲ. ತೋಟಕ್ಕೆ ಹೊಡೆಯುವ ಮೈಲುತುತ್ತ, ಸುಣ್ಣ, ಅಕ್ಕಿ, ಅಡಿಕೆ ಮೂಟೆ, ಅಡಿಕೆ ಕೊನೆ ಇಳಿಸುವ ಕೊನೆಗಾರರು, ಜ್ವರ ಬಂದ ಮಕ್ಕಳು, ಎಲ್ಲರೂ ಎಲ್ಲವೂ ಆ ಜೀಪಿನಲ್ಲೇ. ಕೇರಿಯ ಯಾವ ಮನೆಯವರು ಕೂಗಿದರೂ ಚಿಕ್ಕಪ್ಪ ಕಂಬಳಿಕೊಪ್ಪೆ ಹಾಕಿಕೊಂಡು ಹೊರಡುತ್ತಿದ್ದರು.

ಅದು ಮಹೀಂದ್ರದ ಸಿಜೆ 3ಬಿ, ಪೆಟ್ರೋಲ್ ಗಾಡಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕೆಂದು ಹುಟ್ಟಿದ ವಿಲ್ಲೀಸ್ ಜೀಪಿನ ವಂಶದ್ದು. 1940ರ ದಶಕದ ಕೊನೆಯಲ್ಲಿ ಮಹೀಂದ್ರದವರು ಬಿಡಿಭಾಗ ತರಿಸಿ ಇಲ್ಲಿ ಜೀಪು ಜೋಡಿಸಲು ಶುರು ಮಾಡಿದರು. 3ಬಿ ಅಮೆರಿಕದಲ್ಲಿ 1968ಕ್ಕೆ ನಿಂತುಹೋಯಿತು, ನಮ್ಮಲ್ಲಿ ಅದಾದ ಮೇಲೂ ಬಹಳ ವರ್ಷ ಬಂತು. ಬಾನೆಟ್ ಯಾಕೆ ಇಷ್ಟು ಎತ್ತರ ಅಂತ ಚಿಕ್ಕವನಿದ್ದಾಗ ಕೇಳಿದ್ದೆ. ಗಾಳಿ, ಪೆಟ್ರೋಲು ಒಳಗೆ ಬಿಡುವ ವಾಲ್ವುಗಳನ್ನು ಎಂಜಿನ್ನಿನ ತಲೆಯ ಮೇಲೆ ಕೂರಿಸಿದ್ದರಿಂದ ಎಂಜಿನ್ ಎತ್ತರವಾಯಿತು, ಅದನ್ನು ಮುಚ್ಚಲು ಬಾನೆಟ್ಟನ್ನೂ ಎತ್ತಿದರು, ಅಷ್ಟೇ. ಚಂದಕ್ಕೆ ಮಾಡಿದ್ದಲ್ಲ. ಆದರೂ ನನ್ನ ಕಣ್ಣಿಗೆ ಅದಕ್ಕಿಂತ ಚಂದದ ಗಾಡಿ ಇನ್ನೂ ಬಿದ್ದಿಲ್ಲ.

ಮುಂದಕ್ಕೆ ಮೂರೇ ಗೇರು. ಪಕ್ಕದಲ್ಲಿ ಇನ್ನೆರಡು ಗಿಡ್ಡ ರಾಡು. ಒಂದು ಎಳೆದರೆ ನಾಲ್ಕೂ ಚಕ್ರಕ್ಕೆ ಬಲ. ಇನ್ನೊಂದು ಲೋ. ಲೋ ಹಾಕಿದರೆ ವೇಗ ಇಳಿದು ಎಳೆಯುವ ಶಕ್ತಿ ಸುಮಾರು ಎರಡೂವರೆ ಪಟ್ಟಾಗುತ್ತದೆ. ಕಷ್ಟ ಇದ್ದದ್ದು ಮೊದಲನೇ ಗೇರಿನಲ್ಲಿ. ಗಾಡಿ ಓಡುತ್ತಿರುವಾಗ ಅದು ಸುಲಭಕ್ಕೆ ಕೂರುತ್ತಿರಲಿಲ್ಲ, ಹಲ್ಲು ಕಿರಿಯುತ್ತಿತ್ತು. ಹಾಗಾಗಿ ಏರು ಶುರುವಾಗುವ ಮೊದಲೇ ಯಾವ ಗೇರು ಅಂತ ಮನಸ್ಸು ಮಾಡಿರಬೇಕು. ಇಳಿಯುವಾಗ ಲೋ ಹಾಕಿ, ಕ್ಲಚ್ಚಿನಿಂದ ಕಾಲು ತೆಗೆದು ಸುಮ್ನೆ ಕೂರಬೇಕು. ಎಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತದೆ. ಹೆದರಿ ಬ್ರೇಕ್ ತುಳಿದರೆ ಚಕ್ರ ಕಚ್ಚಿಕೊಂಡು ಜಾರುತ್ತದೆ.

ಹಳ್ಳ ದಾಟುವುದಂತೂ ಒಂದು ವ್ರತ. ನೀರು ಜಾಸ್ತಿ ಇದ್ದರೆ ಚಿಕ್ಕಪ್ಪ ಮೊದಲು ತಾವೇ ಕೋಲು ಹಿಡಿದು ಇಳಿದು ಆಳ ನೋಡುತ್ತಿದ್ದರು. ಆಮೇಲೆ ಫ್ಯಾನ್ ಬೆಲ್ಟ್ ಬಿಚ್ಚುತ್ತಿದ್ದರು. ಇಲ್ಲದಿದ್ದರೆ ಫ್ಯಾನು ನೀರನ್ನು ಎತ್ತಿ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಮೇಲೆ ಎರಚುತ್ತದೆ. ನಾನು ಮೊದಲ ಸಲ ದಾಟಿದ ದಿನ ನಟ್ಟನಡುವೆ ಗಾಬರಿಯಾಗಿ ಕ್ಲಚ್ ತುಳಿದುಬಿಟ್ಟೆ. ಎಂಜಿನ್ ನಿಂತಿತು. ಕಾಲ ಕೆಳಗೆ ನೀರು ಹರಿಯುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಚಿಕ್ಕಪ್ಪ ಬೈಯಲಿಲ್ಲ. "ಮೊದಲನೇ ಗೇರಿನಲ್ಲೇ ಬಿಟ್ಟು ಸೆಲ್ಫ್ ಹೊಡಿ" ಅಂದರು. ಸ್ಟಾರ್ಟರ್ ಮೋಟಾರಿನ ಬಲದಲ್ಲೇ ಗಾಡಿ ಗೇಣು ಗೇಣಾಗಿ ಮುಂದೆ ಸರಿಯಿತು, ನಡುವೆಲ್ಲೋ ಎಂಜಿನ್ನೂ ಹತ್ತಿಕೊಂಡಿತು. ಆ ಖುಷಿ ಇವತ್ತಿಗೂ ಮೈಯಲ್ಲಿದೆ.

ಬೇಸಿಗೆಯದು ಬೇರೆ ಕಥೆ. ಬಿಸಿಗೆ ಪೈಪಿನಲ್ಲೇ ಪೆಟ್ರೋಲು ಆವಿಯಾಗಿ ಗಾಡಿ ಏರಿನಲ್ಲಿ ನಿಂತುಬಿಡುತ್ತಿತ್ತು. ಪಂಪಿಗೆ ಒದ್ದೆ ಬಟ್ಟೆ ಸುತ್ತಿ, ಮರದ ನೆರಳಲ್ಲಿ ಎಲೆ ಅಡಿಕೆ ಹಾಕಿಕೊಂಡು ಕಾಯಬೇಕು. ಆಮೇಲೆ ಪೆಟ್ರೋಲು ದುಬಾರಿಯಾಗಿ, ನಮ್ಮ ಕಡೆ ಎಷ್ಟೋ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿದರು. ಚಿಕ್ಕಪ್ಪ ಕೂರಿಸಲಿಲ್ಲ. ಕಿವಿಗೆ ಹಿಡಿಸಲಿಲ್ಲ ಅಂತ.

ಈಗ ಮನೆ ಬಾಗಿಲಿಗೇ ಡಾಂಬರು ಬಂದಿದೆ, ಹಳ್ಳಕ್ಕೆ ಸೇತುವೆ ಇದೆ. ಕೊಲ್ಲೂರಿನಿಂದ ಕೊಡಚಾದ್ರಿಗೆ ಜನರನ್ನು ಹತ್ತಿಸುವ ಜೀಪುಗಳನ್ನು ಕಂಡಾಗ ನಿಂತು ನೋಡುತ್ತೇನೆ. ಹುಡುಗರು ಚೆನ್ನಾಗಿ ಓಡಿಸುತ್ತಾರೆ.

ನಮ್ಮ 3ಬಿ ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿದೆ. ಊರಿಗೆ ಹೋದಾಗ ತೋಟದ ತನಕ ಒಂದು ಸುತ್ತು ಹೋಗಿಬರುತ್ತೇನೆ. ಚಿಕ್ಕಪ್ಪನಿಗೆ ಈಗ ಕಣ್ಣು ಮಂಜು. ಜಗಲಿಯಲ್ಲಿ ಕೂತೇ ಎಲ್ಲ ಕೇಳಿಸಿಕೊಳ್ಳುತ್ತಾರೆ. ಹೋದ ಸಲ ನಾನು ಮೆಟ್ಟಿಲು ಹತ್ತುವ ಮೊದಲೇ ಕೂಗಿದರು: "ಏರಿಗೆ ಗೇರು ತಡ ಮಾಡ್ದೆ ಅಲ್ವಾ ಮಾಣಿ?"

ತಡ ಮಾಡಿದ್ದು ಹೌದು.

ನಮಸ್ಕಾರ.