ಗಡಸು ನೀರಿನ ಪ್ರಶ್ನೆಗೆ ಉತ್ತರ ಗೊತ್ತಿದ್ದ ಹುಡುಗ

ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮೊದಲ ವರ್ಷದ ತರಗತಿಗಳು ಆರಂಭವಾಗಿ ಒಂದು ತಿಂಗಳು ಕಳೆಯುವಷ್ಟರಲ್ಲಿ ಅಧ್ಯಾಪಕರ ಕೊಠಡಿಯಲ್ಲಿ ಒಂದು ಮಾತು ಕೇಳಿಬರುತ್ತದೆ: "ಹಳ್ಳಿಯಿಂದ ಬಂದ ಮಕ್ಕಳಿಗೆ ಬೇಸಿಕ್ಸೇ ಇಲ್ಲ." ಈ ನಗರದಲ್ಲಿ ಓದಿ, ಈಗ ಇದೇ ನಗರದಲ್ಲಿ ಪಾಠ ಮಾಡುತ್ತಿರುವ ನಾನು ಈ ಮಾತನ್ನು ಒಪ್ಪುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಬಹಳಷ್ಟು ಮಕ್ಕಳಿಗೆ ವಿಷಯ ಗೊತ್ತಿರುತ್ತದೆ. ಗೊತ್ತಿರುವುದನ್ನು ಹೇಳುವುದಕ್ಕೂ ಗೊತ್ತಿಲ್ಲದ್ದನ್ನು ಕೇಳುವುದಕ್ಕೂ ತರಗತಿಯಲ್ಲಿ ಅವರಿಗೆ ಬಾಯಿ ಬರುವುದಿಲ್ಲ, ಅಷ್ಟೇ.

ನಾನು ಚಳ್ಳಕೆರೆ ತಾಲ್ಲೂಕಿನವನು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿದೆ. ಪಿಯುಸಿಯಲ್ಲಿ ಪುಸ್ತಕ ಇಂಗ್ಲಿಷಿನದಾದರೂ ಉಪನ್ಯಾಸಕರು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು. ಸುಮಾರು 200 ಕಿಲೋಮೀಟರ್ ದೂರದ ಬೆಂಗಳೂರಿಗೆ ಬಂದು ಮೆಜೆಸ್ಟಿಕ್ಕಿನಲ್ಲಿ ಇಳಿದಾಗ ಊಟ, ಕೋಣೆ, ಬಸ್ಸು, ಗದ್ದಲ ಎಲ್ಲವೂ ಹೊಸದು. ಅವಕ್ಕೆಲ್ಲ ಎರಡು ತಿಂಗಳಲ್ಲಿ ಹೊಂದಿಕೊಂಡೆ. ತರಗತಿಗೆ ಹೊಂದಿಕೊಳ್ಳುವುದಕ್ಕೆ ಮಾತ್ರ ಒಂದು ವರ್ಷ ಹಿಡಿಯಿತು.

ರಸಾಯನಶಾಸ್ತ್ರದ ಪ್ರಯೋಗ ಪರೀಕ್ಷೆಯ ದಿನ ನನಗೆ ಬಂದದ್ದು ನೀರಿನ ಗಡಸುತನವನ್ನು ಅಳೆಯುವ ಪ್ರಯೋಗ. ಪಿಪೆಟ್ಟಿನಲ್ಲಿ ನೀರು ತೆಗೆದುಕೊಂಡು, ಬಫರ್ ದ್ರಾವಣ ಸೇರಿಸಿ, ಎರಿಯೋಕ್ರೋಮ್ ಬ್ಲ್ಯಾಕ್ ಟಿ ಎಂಬ ಬಣ್ಣಸೂಚಕ ಹಾಕಿದರೆ ನೀರು ದ್ರಾಕ್ಷಾರಸದಂತೆ ಕೆಂಪಾಗುತ್ತದೆ. ಬ್ಯುರೆಟ್ಟಿನಿಂದ ಇಡಿಟಿಎ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತ ಹೋದಂತೆ ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳನ್ನೆಲ್ಲ ಹಿಡಿದುಕೊಳ್ಳುತ್ತದೆ, ಕೊನೆಗೆ ಒಂದೇ ಒಂದು ಹನಿಗೆ ಕೆಂಪು ಹೋಗಿ ತಿಳಿನೀಲಿ ಬರುತ್ತದೆ. ನನ್ನ ಅಳತೆ ಸರಿಯಾಗಿಯೇ ಬಂದಿತ್ತು. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಪರೀಕ್ಷಕರು ಇಂಗ್ಲಿಷಿನಲ್ಲಿ, ಗಡಸು ನೀರು ಎಂದರೇನು, ಅದರ ತೊಂದರೆಗಳೇನು ಎಂದು ಕೇಳಿದರು. ನಾನು "ಸರ್, ವಾಟರ್..." ಎಂದು ನಿಂತುಬಿಟ್ಟೆ. ಅವರು ಎರಡು ಸಲ ಕೇಳಿ, ಕಾಗದದ ಮೇಲೆ ಏನೋ ಬರೆದುಕೊಂಡು, ಮುಂದಿನವನನ್ನು ಕರೆದರು.

ನಾನು ಹುಟ್ಟಿ ಬೆಳೆದದ್ದೇ ಗಡಸು ನೀರಿನಲ್ಲಿ. ನಮ್ಮ ಮನೆಯ ಹಂಡೆಯ ಒಳಗೆ ಬಿಳಿಯ ಪದರ ಕಟ್ಟುತ್ತಿತ್ತು, ಅಮ್ಮ ಅದನ್ನು ಕಲ್ಲಿನಿಂದ ಉಜ್ಜಿ ತೆಗೆಯುತ್ತಿದ್ದಳು. ಸೋಪು ಎಷ್ಟು ತಿಕ್ಕಿದರೂ ನೊರೆ ಬರುತ್ತಿರಲಿಲ್ಲ. ಬೋರಿನ ನೀರಿಗೆ ಬೇಳೆ ಬೇಯುವುದಿಲ್ಲವೆಂದು ಅಡುಗೆಗೆ ಬೇರೆ ಕಡೆಯಿಂದ ನೀರು ಹೊತ್ತು ತರುತ್ತಿದ್ದೆವು. ಗಾಜಿನ ಸಾಮಾನು ತೊಳೆದಿಡುವಾಗ ಲ್ಯಾಬಿನ ಹಿರಿಯ ಸಹಾಯಕರೊಬ್ಬರು ನನ್ನ ಮುಖ ನೋಡಿ, "ಯಾವೂರಪ್ಪ ನಿಂದು? ಅಲ್ಲಿ ಬೇಳೆ ಬೇಯುತ್ತಾ?" ಎಂದು ಕೇಳಿದರು. ಹತ್ತು ನಿಮಿಷ ಮಾತನಾಡಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, "ಇದನ್ನೇ ಅಲ್ಲಿ ಹೇಳಬೇಕಿತ್ತಲ್ಲೋ" ಎಂದರು. ಆ ರಾತ್ರಿ ಅಮ್ಮನಿಗೆ ಫೋನಿನಲ್ಲಿ ಪರೀಕ್ಷೆ ಚೆನ್ನಾಗಿ ಆಯಿತು ಎಂದೆ.

ನಮ್ಮ ವ್ಯವಸ್ಥೆಗೆ ಈ ಮಕ್ಕಳ ಅರಿವಿಲ್ಲ ಎನ್ನುವಂತಿಲ್ಲ. ಸಿಇಟಿ ಸೀಟು ಹಂಚಿಕೆಯಲ್ಲಿ ಕನ್ನಡ ಮಾಧ್ಯಮದವರಿಗೆ ಶೇ. 5, ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ. 15 ಮೀಸಲಾತಿ ಇದೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಎಲ್ಲಿ, ಯಾವ ಮಾಧ್ಯಮದಲ್ಲಿ ಓದಿದ್ದೆಂದು ಪ್ರಮಾಣಪತ್ರ ಕೇಳಿ, ಪರಿಶೀಲಿಸಿ, ಮುದ್ರೆ ನೋಡಿ ಸೀಟು ಕೊಡುತ್ತಾರೆ. ಪಾಠ ಶುರುವಾದ ದಿನ ಆ ಕಾಗದ ಕಡತ ಸೇರುತ್ತದೆ, ಯಾರ ಕೈಯಲ್ಲಿ ಅಂಥ ಪ್ರಮಾಣಪತ್ರವಿದೆ ಎಂಬುದು ಪಾಠ ಮಾಡುವವರಿಗೆ ತಿಳಿಯುವುದೇ ಇಲ್ಲ. ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯವಾದ ವಿಟಿಯು ಹೊರರಾಜ್ಯದ ವಿದ್ಯಾರ್ಥಿಗಳಿಗೆಂದು ಬಳಕೆ ಕನ್ನಡದ ಪತ್ರಿಕೆಯನ್ನು ಇಟ್ಟಿದೆ, ಅದು ಬಹಳ ಒಳ್ಳೆಯ ಕೆಲಸ. ಹೊಸ ಊರಿನಲ್ಲಿ ಭಾಷೆ ತಿಳಿಯದಿದ್ದರೆ ಕಷ್ಟ ಎಂಬುದನ್ನು ಅಲ್ಲಿ ಒಪ್ಪಿಕೊಂಡಂತಾಯಿತು. ತನ್ನದೇ ರಾಜ್ಯದ ರಾಜಧಾನಿಗೆ ಬಂದ ಚಳ್ಳಕೆರೆಯ ಹುಡುಗನಿಗೂ, ಯಾದಗಿರಿಯ ಹುಡುಗಿಗೂ ಅದೇ ಕಷ್ಟ ಭೌತಶಾಸ್ತ್ರದ ತರಗತಿಯಲ್ಲಿದೆ. ಇಂಗ್ಲಿಷ್ ಸಂವಹನದ ಪತ್ರಿಕೆ ಇದ್ದರೂ, ಪಾಠದ ನಡುವೆ ಎದ್ದುನಿಂತು "ಇದು ಅರ್ಥವಾಗಲಿಲ್ಲ" ಎನ್ನುವ ಧೈರ್ಯ ಅದರಿಂದ ಬರುವುದಿಲ್ಲ.

ಈ ಮೌನಕ್ಕೆ ತೆರಬೇಕಾದ ಬೆಲೆಯೂ ಬೇಗನೆ ಎದುರಾಗುತ್ತದೆ. ಆಂತರಿಕ ಮೌಲ್ಯಮಾಪನದ 50 ಅಂಕಗಳಲ್ಲಿ ಕನಿಷ್ಠ 20 ಬರದಿದ್ದರೆ ಸೆಮಿಸ್ಟರ್ ಪರೀಕ್ಷೆಗೆ ಕೂರುವಂತಿಲ್ಲ. ಮೊದಲ ಇಂಟರ್ನಲ್ಸ್‌ನಲ್ಲಿ ಕಡಿಮೆ ಅಂಕ ಬಂದ ಮಕ್ಕಳು ಕೊನೆಯ ಬೆಂಚಿಗೆ ಸರಿಯುತ್ತಾರೆ, ಕೊನೆಯ ಬೆಂಚಿನವರನ್ನು ಯಾರೂ ಪ್ರಶ್ನೆ ಕೇಳುವುದಿಲ್ಲ. ಹಾಜರಾತಿ ಶೇ. 85 ಇರಬೇಕೆಂಬ ನಿಯಮದಿಂದಾಗಿ ಅವರು ದಿನವೂ ಬಂದು, ದಿನವೂ ಸುಮ್ಮನೆ ಕುಳಿತು ಹೋಗುತ್ತಾರೆ.

ಪಾಠವನ್ನು ಕನ್ನಡದಲ್ಲಿ ಮಾಡಿ ಎಂದು ನಾನು ಕೇಳುತ್ತಿಲ್ಲ. ತರಗತಿಯಲ್ಲಿ ಕೇರಳದವರು, ಆಂಧ್ರದವರು, ಬಿಹಾರದವರೂ ಇರುತ್ತಾರೆ, ಕೆಲವು ಅಧ್ಯಾಪಕರಿಗೇ ಕನ್ನಡ ಬಾರದು. ಅನುಮಾನಗಳನ್ನು ಕನ್ನಡದಲ್ಲಿ ಕೇಳಬಹುದು ಎಂದು ಮೊದಲ ದಿನವೇ ಬಾಯಿಬಿಟ್ಟು ಹೇಳಿದರೆ ಸಾಕು. ಅಧ್ಯಾಪಕರಿಗೆ ತಿಳಿಯದಿದ್ದರೆ ಪಕ್ಕದಲ್ಲಿ ಕುಳಿತವರು ಇಂಗ್ಲಿಷಿನಲ್ಲಿ ತಿಳಿಸುತ್ತಾರೆ. ನನ್ನ ತರಗತಿಯಲ್ಲಿ ಹೀಗೆ ನಡೆದಾಗ, ಒಂದು ಪ್ರಶ್ನೆ ಎರಡು ಭಾಷೆಯಲ್ಲಿ ಬಂದು ಇಡೀ ತರಗತಿಗೇ ವಿಷಯ ಇನ್ನಷ್ಟು ಸ್ಪಷ್ಟವಾದದ್ದನ್ನು ಕಂಡಿದ್ದೇನೆ. ಕೆಲಸಕ್ಕೆ ಇಂಗ್ಲಿಷ್ ಬೇಕಲ್ಲವೇ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಖಂಡಿತ ಬೇಕು. ಕನ್ನಡದಲ್ಲಿ ನಾಲ್ಕು ಪ್ರಶ್ನೆ ಕೇಳಿದ ಹುಡುಗಿ ಐದನೆಯದನ್ನು ಅರ್ಧ ಇಂಗ್ಲಿಷಿನಲ್ಲಿ ಕೇಳುತ್ತಾಳೆ. ಬಾಯಿಯೇ ತೆರೆಯದವರಿಗೆ ಯಾವ ಭಾಷೆಯೂ ಬರುವುದಿಲ್ಲ.

ಈ ವರ್ಷ ಸೇರಿರುವ ಮಕ್ಕಳೇ, ರಾತ್ರಿ ಪಿಜಿಯ ಕೋಣೆಯಲ್ಲಿ ಎಲ್ಲವನ್ನೂ ಬಿಟ್ಟು ಊರಿಗೆ ಹೋಗಿಬಿಡೋಣ ಎನ್ನಿಸಿದರೆ ಅದನ್ನು ಒಬ್ಬರೇ ನುಂಗಿಕೊಳ್ಳಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ. ಮನೆಗೂ ನಿಜವನ್ನೇ ಹೇಳಿ. ನಾನು ಅಂದು ಅಮ್ಮನಿಗೆ ಹೇಳಿದ ಸುಳ್ಳು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಪ್ರಯೋಗ ಪರೀಕ್ಷೆಗೆ ಪರೀಕ್ಷಕರಾಗಿ ಹೋಗುವ ನನ್ನ ಸಹೋದ್ಯೋಗಿಗಳಲ್ಲಿ ಒಂದು ವಿನಂತಿ. ಎದುರಿಗೆ ನಿಂತವರು ಮೊದಲ ಪದದಲ್ಲೇ ತಡವರಿಸಿದರೆ, ಮುಂದಿನವರನ್ನು ಕರೆಯುವ ಮೊದಲು ಅದೇ ಪ್ರಶ್ನೆಯನ್ನು ಒಂದು ಸಲ ಕನ್ನಡದಲ್ಲಿ ಕೇಳಿ ನೋಡಿ.