ಕಾಯಿಲ್ ಸುತ್ತುವುದು ಬೇಗ ಬರುತ್ತದೆ, ಬತ್ತಿ ಹಾಕುವುದಕ್ಕೆ ಬೆರಳು ಪಳಗಬೇಕು

ನಮಸ್ಕಾರ. ಮೊದಲು ಈ ಬತ್ತಿ ನೋಡಿ. ಈಗಷ್ಟೇ ನನ್ನ ಇ-ಸಿಗರೇಟಿನ ಕಾಯಿಲ್‌ನಿಂದ ಎಳೆದು ತೆಗೆದದ್ದು. ಕಾಯಿಲ್ ಅಂದರೆ ಕರೆಂಟು ಹರಿದಾಗ ಬಿಸಿಯಾಗುವ ತಂತಿಯ ಸುರುಳಿ. ಅದರೊಳಗಿನ ಹತ್ತಿಯ ಬತ್ತಿ ಹೀರಿದ ಲಿಕ್ವಿಡ್ ಅಲ್ಲಿ ಆವಿಯಾಗುತ್ತದೆ. ಬಲಗಡೆ ತಿಳಿ ಕಂದು ಬಣ್ಣ. ಎಡಗಡೆ ಪೂರ್ತಿ ಕಪ್ಪು. ಬೆರಳಲ್ಲಿ ಉಜ್ಜಿದರೆ ಪುಡಿಪುಡಿಯಾಗುತ್ತದೆ. ಒಂದೇ ಹತ್ತಿ, ಒಂದೇ ಕಾಯಿಲ್, ಒಂದೇ ಲಿಕ್ವಿಡ್. ಆದರೂ ಒಂದು ಬದಿ ಮಾತ್ರ ಸುಟ್ಟಿದೆ. ಯಾಕೆ ಅಂತ ಹುಡುಕುತ್ತಾ ಇವತ್ತು ಹೊಸ ಕಾಯಿಲ್ ಸುತ್ತಿ, ಹೊಸ ಬತ್ತಿ ಹಾಕುತ್ತೇನೆ.

ಶುರು ಮಾಡುವ ಮೊದಲು ಒಂದು ಮಾತು. ಈ ವಿಡಿಯೊ ಸಿಗರೇಟು ಬಿಟ್ಟು ಈಗಾಗಲೇ ಇದಕ್ಕೆ ಬಂದಿರುವ ದೊಡ್ಡವರಿಗೆ ಮಾತ್ರ. ನಿಕೋಟಿನ್ ಚಟ ಹಿಡಿಸುತ್ತದೆ. ಯಾವತ್ತೂ ಸೇದದವರು ದಯವಿಟ್ಟು ಶುರು ಮಾಡಬೇಡಿ. ಕೆಲವು ದೇಶಗಳಲ್ಲಿ ಇದಕ್ಕೆ ನಿಷೇಧವೂ ಇದೆ. ನೀವಿರುವ ಕಡೆ ಕಾನೂನು ಏನು ಹೇಳುತ್ತದೆ ಅಂತ ಮೊದಲು ತಿಳಿದುಕೊಳ್ಳಿ.

ಮೇಜಿನ ಮೇಲಿರುವುದು ಇಷ್ಟೇ. ತಂತಿಯ ರೀಲು, 3 ಮಿಲಿಮೀಟರ್ ದಪ್ಪದ ಉಕ್ಕಿನ ಕಡ್ಡಿ, ಚಿಕ್ಕ ಸ್ಕ್ರೂಡ್ರೈವರ್, ಕಟರ್, ಸೆರಾಮಿಕ್ ತುದಿಯ ಚಿಮಟ, ಚೂಪು ಕತ್ತರಿ, ಓಮ್ ಮೀಟರ್, ಹತ್ತಿ.

ತಂತಿ ಕಾಂಥಲ್. ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಸೇರಿದ ಮಿಶ್ರಲೋಹ. ಕುಲುಮೆಗಳಲ್ಲಿ, ಹೀಟರ್‌ಗಳಲ್ಲಿ ಬಳಸುವ ಜಾತಿಯದ್ದೇ. ನೈಕ್ರೋಮ್ ಇನ್ನೂ ಬೇಗ ಬಿಸಿಯಾಗುತ್ತದೆ, ಆದರೆ ಅದರಲ್ಲಿ ನಿಕಲ್ ಇದೆ. ನಿಕಲ್ ಅಲರ್ಜಿ ಇರುವವರು ಅದರಿಂದ ದೂರ ಇರುವುದು ಒಳ್ಳೆಯದು. ಟೈಟಾನಿಯಂ ತಂತಿಯೂ ಸಿಗುತ್ತದೆ. ಅದನ್ನು ಮಾತ್ರ ಕೆಂಪಗಾಗುವವರೆಗೆ ಕಾಯಿಸಲೇಬಾರದು. ಹೊಸಬರು ಕಾಂಥಲ್‌ನಿಂದಲೇ ಕಲಿಯಲಿ ಅನ್ನುವುದು ನನ್ನ ಅಭಿಪ್ರಾಯ. ಅದು ಗಡುಸು, ಸುತ್ತಿದ ಆಕಾರ ಬಿಡುವುದಿಲ್ಲ.

ನನ್ನದು 26 ಗೇಜ್, ಅಂದರೆ 0.4 ಮಿಲಿಮೀಟರ್ ದಪ್ಪ. ಗೇಜ್ ಸಂಖ್ಯೆ ಹೆಚ್ಚಾದಷ್ಟೂ ತಂತಿ ತೆಳು. ಈ ತಂತಿ ಒಂದು ಮೀಟರಿಗೆ ಸುಮಾರು 11 ಓಮ್ ರೆಸಿಸ್ಟೆನ್ಸ್ ಕೊಡುತ್ತದೆ. ಕಡ್ಡಿಗೆ ಆರು ಸುತ್ತು ಹಾಕಿ, ಎರಡೂ ಕಾಲು, ಅಂದರೆ ಸುತ್ತದೆ ಬಿಡುವ ತುದಿಗಳನ್ನು, ಸೇರಿಸಿದರೆ ಏಳೂವರೆ ಸೆಂಟಿಮೀಟರ್ ತಂತಿ ಬೇಕು. ಲೆಕ್ಕ ಹಾಕಿದರೆ 0.8 ಓಮ್ ಹತ್ತಿರ ಬರುತ್ತದೆ. ಸುತ್ತುವ ಮೊದಲೇ ಉತ್ತರ ಗೊತ್ತು. ಕಾಯಿಲ್ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾಗುವುದೇ ಇದು.

ಈ ಲೆಕ್ಕ ಬ್ಯಾಟರಿಗೂ ಬೇಕು. ಪೂರ್ತಿ ಚಾರ್ಜ್ ಆದ ಬ್ಯಾಟರಿ 4.2 ವೋಲ್ಟ್. ಅದನ್ನು 0.8ರಿಂದ ಭಾಗಿಸಿ. ಐದು ಆಂಪಿಯರ್ ಚಿಲ್ಲರೆ. ಹೆಚ್ಚು ಕರೆಂಟು ಕೊಡಬಲ್ಲ ಒಳ್ಳೆಯ 18650 ಬ್ಯಾಟರಿಗೆ, ಅಂದರೆ ಇಂಥ ಸಾಧನಗಳಲ್ಲಿ ಹಾಕುವ ಉರುಳೆಯಾಕಾರದ ಲಿಥಿಯಂ ಬ್ಯಾಟರಿಗೆ, ಇದು ಭಾರವಲ್ಲ. ಅದೇ ಕಾಯಿಲ್ 0.2 ಓಮ್ ಆಗಿದ್ದರೆ 21 ಆಂಪಿಯರ್. 0.1 ಆದರೆ 42. ಚಿಪ್ ಇಲ್ಲದ ಮೆಕಾನಿಕಲ್ ಸಾಧನದಲ್ಲಿ ಇದನ್ನು ತಡೆಯುವವರು ಯಾರೂ ಇಲ್ಲ. ಬ್ಯಾಟರಿ ತನ್ನ ಶಕ್ತಿ ಮೀರಿ ಕೊಡಲು ಹೋಗಿ ಬಿಸಿಯಾಗುತ್ತದೆ, ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ವೋಲ್ಟನ್ನು ಓಮ್‌ನಿಂದ ಭಾಗಿಸಿದರೆ ಆಂಪಿಯರ್, ಜಾರ್ಜ್ ಓಮ್ 1827ರಲ್ಲಿ ಪ್ರಕಟಿಸಿದ ಒಂದು ಸಾಲಿನ ನಿಯಮ ಇದು. ಇದು ಬಾಯಿಪಾಠ ಆಗುವವರೆಗೆ ಮೆಕಾನಿಕಲ್ ಸಾಧನ ಮುಟ್ಟಬೇಡಿ. ಈ ವಿಷಯದಲ್ಲಿ ನಾನು ರಾಜಿ ಆಗುವುದಿಲ್ಲ.

ಸರಿ, ಸುತ್ತೋಣ. ತಂತಿಯನ್ನು ಎಳೆದು ಹಿಡಿದು, ಕಡ್ಡಿಯನ್ನು ತಿರುಗಿಸುತ್ತಾ ಹೋಗುವುದು. ಸುತ್ತಿಗೆ ಸುತ್ತು ತಾಗಿರಲಿ. ಆರು ಆಯಿತು. ಎರಡೂ ಕಾಲು ಡೆಕ್‌ನ, ಅಂದರೆ ಕಾಯಿಲ್ ಕೂರುವ ತಳದ, ಸ್ಕ್ರೂಗಳಡಿ ಕೂರಿಸಿ ಬಿಗಿ ಮಾಡಿದೆ. ಜೋರು ಮಾಡಬೇಡಿ, ತಂತಿ ತುಂಡಾಗುತ್ತದೆ. ಉಳಿದ ತುದಿಗಳನ್ನು ಸ್ಕ್ರೂ ಬುಡಕ್ಕೇ ಕತ್ತರಿಸಿ. ಬುಡಕ್ಕೇ ಅಂತ ಒತ್ತಿ ಹೇಳುವುದಕ್ಕೆ ಕಾರಣ ಇದೆ, ಆಮೇಲೆ ಹೇಳುತ್ತೇನೆ.

ಮೀಟರ್ 0.82 ತೋರಿಸುತ್ತಿದೆ. ಲೆಕ್ಕ ಸರಿಯಾಯಿತು.

ಈಗ ಹತ್ತಿ ಇಲ್ಲದೆ, ಕಡಿಮೆ ವಾಟ್‌ನಲ್ಲಿ, ಒಂದೊಂದು ಸೆಕೆಂಡು ಮಾತ್ರ ಗುಂಡಿ ಒತ್ತುತ್ತೇನೆ. ಕ್ಯಾಮೆರಾ ಹತ್ತಿರ ತಂದಿದ್ದೇನೆ, ಚೆನ್ನಾಗಿ ನೋಡಿ. ಬಲಗಡೆಯ ಒಂದು ಸುತ್ತು ಮೊದಲು ಕೆಂಪಾಯಿತು, ಉಳಿದವು ಇನ್ನೂ ಕಪ್ಪಗಿವೆ, ಅಲ್ವಾ? ಸುತ್ತುಗಳ ನಡುವೆ ಕರೆಂಟು ಅಡ್ಡದಾರಿ ಹಿಡಿದಿದೆ. ಗುಂಡಿ ಬಿಟ್ಟು, ಚಿಮಟದ ತುದಿಯನ್ನು ವೀಣೆಯ ತಂತಿ ಮೀಟಿದ ಹಾಗೆ ಸುತ್ತುಗಳ ಮೇಲೆ ಮೆಲ್ಲಗೆ ಎಳೆಯುತ್ತೇನೆ. ಆಮೇಲೆ ಎರಡೂ ಬದಿಯಿಂದ ಸ್ವಲ್ಪ ಹಿಸುಕುತ್ತೇನೆ. ಮತ್ತೆ ಒತ್ತಿದೆ. ಇನ್ನೊಂದು ಸಲ. ಈಗ ನೋಡಿ, ನಟ್ಟನಡುವೆ ಕೆಂಡದ ಚುಕ್ಕೆ ಹುಟ್ಟಿ ಎರಡೂ ಕಡೆಗೆ ಸಮನಾಗಿ ಹರಡುತ್ತಿದೆ. ಬೇಕಾಗಿದ್ದು ಇದೇ.

ಇಲ್ಲಿ ಆಗುವುದು ಸೊಗಸಾದ ಸಂಗತಿ. ಬಿಸಿಯಾದಾಗ ಕಾಂಥಲ್‌ನ ಅಲ್ಯೂಮಿನಿಯಂ ಗಾಳಿಯ ಆಮ್ಲಜನಕದ ಜೊತೆ ಸೇರಿ ತಂತಿಯ ಮೇಲೆ ತೆಳು ಪೊರೆ ಕಟ್ಟುತ್ತದೆ. ಆ ಪೊರೆಯಲ್ಲಿ ಕರೆಂಟು ಹರಿಯುವುದಿಲ್ಲ. ಹಾಗಾಗಿ ಸುತ್ತುಗಳು ಒಂದಕ್ಕೊಂದು ತಾಗಿದ್ದರೂ ಕರೆಂಟು ಸುತ್ತಿಕೊಂಡೇ ಹೋಗಬೇಕು. ತಂತಿ ತನ್ನ ಕವಚವನ್ನು ತಾನೇ ಹೊದ್ದುಕೊಳ್ಳುತ್ತದೆ. ಹಾಗಂತ ಮತ್ತೆ ಮತ್ತೆ ಬೆಳ್ಳಗಾಗುವಷ್ಟು ಕಾಯಿಸುವುದು ಬೇಡ. ಮಂದ ಕೆಂಪು ಸಾಕು.

ಕಾಯಿಲ್ ಪೂರ್ತಿ ತಣ್ಣಗಾಗಲಿ. ಬಿಸಿ ತಂತಿಗೆ ಹತ್ತಿ ತಾಗಿದರೆ ಹೊತ್ತಿಕೊಳ್ಳುತ್ತದೆ.

ಈಗ ಬತ್ತಿ. ಮೊದಲೆಲ್ಲ ಸಿಲಿಕಾ ಹಗ್ಗ ಬಳಸುತ್ತಿದ್ದರು, ಈಗ ಹೆಚ್ಚಿನವರು ಹತ್ತಿಗೆ ಬಂದಿದ್ದಾರೆ. ಬ್ಲೀಚ್ ಮಾಡದ, ವಾಸನೆ ಇಲ್ಲದ ಹತ್ತಿ ಇರಲಿ. ದೀಪದ ಬತ್ತಿಯೂ ಎಣ್ಣೆ ಹೀರುತ್ತದೆ, ಇದೂ ಲಿಕ್ವಿಡ್ ಹೀರುತ್ತದೆ. ಎಳೆಗಳ ನಡುವಿನ ಸಣ್ಣ ಸಂದುಗಳಲ್ಲಿ ದ್ರವ ತಾನಾಗಿ ಮೇಲೇರುತ್ತದೆ. ಆದರೆ ದೀಪದಲ್ಲಿ ಬತ್ತಿಯ ತುದಿ ಉರಿದರೆ ತೊಂದರೆ ಇಲ್ಲ. ಇಲ್ಲಿ ಬತ್ತಿ ಒಂದು ಕ್ಷಣವೂ ಒಣಗಬಾರದು. ಒಣಗಿದರೆ ಹತ್ತಿ ಕರಕಲಾಗುತ್ತದೆ. ಲಿಕ್ವಿಡ್‌ನಲ್ಲಿರುವ ಗ್ಲಿಸರಿನ್ ಅತಿಯಾಗಿ ಕಾದರೆ ಅಕ್ರೋಲಿನ್, ಫಾರ್ಮಾಲ್ಡಿಹೈಡ್‌ನಂಥ ವಿಷಗಳಾಗಿ ಒಡೆಯುತ್ತದೆ. ಗಂಟಲಿಗೆ ಸುಟ್ಟ ಬಟ್ಟೆಯಂಥ ಘಾಟು ಬಡಿದರೆ ಅಲ್ಲೇ ನಿಲ್ಲಿಸಿ. ಇನ್ನೊಂದು ಸಲ ನೋಡೋಣ ಅಂತ ಎಳೆಯಬೇಡಿ.

ಹತ್ತಿಯ ಪಟ್ಟಿ ಕತ್ತರಿಸಿದೆ. ಮೇಲಿನ ಗಟ್ಟಿ ಪದರ ಸುಲಿದೆ. ಒಂದು ತುದಿಯನ್ನು ಚೂಪಾಗಿ ಹೊಸೆದು ಕಾಯಿಲ್ ಒಳಗೆ ತೂರಿಸಿ ಎಳೆಯುತ್ತೇನೆ. ಎಷ್ಟು ಬಿಗಿ ಅಂತ ಎಲ್ಲರೂ ಕೇಳುತ್ತಾರೆ. ಇದಕ್ಕೆ ಓಮ್ ಮೀಟರ್ ಇಲ್ಲ. ಎಳೆಯುವಾಗ ಹತ್ತಿ ಕಾಯಿಲ್‌ಗೆ ಉಜ್ಜುವುದು ಬೆರಳಿಗೆ ಗೊತ್ತಾಗಬೇಕು, ಕಾಯಿಲ್ ಮಾತ್ರ ವಾಲಬಾರದು. ಸುಮ್ನೆ ಜಾರಿದರೆ ಸಡಿಲ, ಲಿಕ್ವಿಡ್ ಸಿಡಿಯುತ್ತದೆ, ಸೋರುತ್ತದೆ. ಕಾಯಿಲ್ ಆಕಾರ ಕೆಟ್ಟರೆ ಬಿಗಿ, ದ್ರವಕ್ಕೆ ದಾರಿಯೇ ಇರುವುದಿಲ್ಲ. ಮೂರು ನಾಲ್ಕು ಬತ್ತಿ ಹಾಳಾದ ಮೇಲೆ ಕೈಗೆ ಬರುತ್ತದೆ.

ಎರಡೂ ಕಡೆಯ ಬಾಲಗಳನ್ನು ಓರೆಯಾಗಿ ಕತ್ತರಿಸಿದೆ. ಇನ್ನು ಮುಂದಿನದು ನಾನು ಹಿಂದಿನ ಸಲ ಅವಸರ ಮಾಡಿದ ಜಾಗ. ಆ ಕಪ್ಪು ಬತ್ತಿಯ ಎಡ ಬಾಲ ಬಲಕ್ಕಿಂತ ಉದ್ದ ಇತ್ತು. ಅದನ್ನು ಕತ್ತರಿಸದೆ, ಲಿಕ್ವಿಡ್ ಬರುವ ಕುಳಿಗೆ ಹಾಗೇ ತುರುಕಿದ್ದೆ. ಹತ್ತಿ ಜಾಸ್ತಿ ಆದರೆ ಜಾಸ್ತಿ ಹೀರುತ್ತದೆ ಅಂತ ಅನಿಸುತ್ತದೆ. ಆದರೆ ಒತ್ತಿ ತುಂಬಿದಾಗ ಎಳೆಗಳ ನಡುವಿನ ಸಂದೇ ಮುಚ್ಚಿಹೋಗುತ್ತದೆ. ದ್ರವ ಏರುವುದು ತಡವಾಗಿ ಆ ಬದಿ ಸುಟ್ಟಿತು.

ಈ ಸಲ ಬಾಲಗಳನ್ನು ಚಿಮಟದಿಂದ ಬಾಚುತ್ತೇನೆ. ತುದಿ ಹೂವಿನ ಹಾಗೆ ಬಿಡಿಸಿಕೊಳ್ಳಲಿ. ಕುಳಿಯ ತಳಕ್ಕೆ ತಾಗಿದರೆ ಸಾಕು. ಈಗ ಹನಿ ಹನಿಯಾಗಿ ಲಿಕ್ವಿಡ್. ನೋಡಿ, ಬಿಳಿ ಹತ್ತಿ ನಿಧಾನವಾಗಿ ಗಾಜಿನಂತೆ ಪಾರದರ್ಶಕ ಆಗುತ್ತಿದೆ. ಬಿಳಿ ಉಳಿದ ಕಡೆಯೆಲ್ಲ ಇನ್ನೂ ಒಣಗಿದೆ ಅಂತ ಅರ್ಥ. ನಿಕೋಟಿನ್ ಚರ್ಮದಿಂದಲೂ ಒಳಗೆ ಹೋಗುತ್ತದೆ, ಕೈಗೆ ತಾಗಿದರೆ ಆಗಲೇ ತೊಳೆಯಿರಿ. ಬಾಟಲಿ ಮಕ್ಕಳ ಕೈಗೆ ಸಿಗದ ಕಡೆ ಇಡಿ.

ಮುಚ್ಚಳ ಹಾಕಿದೆ. ಈಗ ಮತ್ತೆ ಮೀಟರ್. ತುದಿ ಬುಡಕ್ಕೇ ಕತ್ತರಿಸಿ ಅಂದಿದ್ದು ನೆನಪಿದೆಯಾ? ಒಮ್ಮೆ ನಾನು ಕೂದಲೆಳೆಯಷ್ಟು ತುದಿ ಬಿಟ್ಟಿದ್ದೆ. ಮುಚ್ಚಳ ತೆಗೆದಾಗ ಮೀಟರ್ ಸರಿಯಾಗಿ ತೋರಿಸಿತ್ತು. ಮುಚ್ಚಳ ಹಾಕಿದಾಗ ಆ ತುದಿ ಲೋಹಕ್ಕೆ ತಾಗಿ ಶಾರ್ಟ್ ಆಯಿತು. ಸಾಧನದಲ್ಲಿ ಚಿಪ್ ಇದ್ದದ್ದರಿಂದ ಪರದೆಯ ಮೇಲೆ ಎಚ್ಚರಿಕೆ ಬಂತು, ಕರೆಂಟು ಹರಿಯಲಿಲ್ಲ. ಆ ದಿನ ನನ್ನ ಕೈಯಲ್ಲಿ ಮೆಕಾನಿಕಲ್ ಇದ್ದಿದ್ದರೆ ಅಂತ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಅವತ್ತಿನಿಂದ ಎರಡು ಸಲ ಅಳೆಯುತ್ತೇನೆ. ತೆರೆದಿಟ್ಟು ಒಮ್ಮೆ, ಮುಚ್ಚಿ ಒಮ್ಮೆ.

0.82. ಬದಲಾಗಿಲ್ಲ.

ಟ್ಯಾಂಕ್ ತುಂಬಿಸಿ ಐದು ನಿಮಿಷ ಹಾಗೇ ಬಿಟ್ಟಿದ್ದೇನೆ. ಕಡಿಮೆ ವಾಟ್‌ನಲ್ಲಿ ಮೊದಲ ದಮ್ಮು. ಗಾಜಿನ ಒಳಗೆ ನೋಡಿ. ಬಲಗಡೆಯಿಂದ ಒಂದು ಗುಳ್ಳೆ ಎದ್ದಿತು. ಹತ್ತಿ ದ್ರವ ಎಳೆದುಕೊಂಡ ಜಾಗಕ್ಕೆ ಗಾಳಿ ಬಂದಿದೆ. ಸ್ವಲ್ಪ ಕಾಯೋಣ. ಇನ್ನೊಂದು ದಮ್ಮು. ಅಗೋ, ಎಡಗಡೆಯಿಂದಲೂ ಎದ್ದಿತು.